ಸಾವಿರ ತಾಸಿನ ಬಿಗಿ

ಶೇಂದ್ರಾ
14 ಮಾರ್ಚ್ 2011

ಪ್ರಿಯ ಚನಬಸಪ್ಪನವರಿಗೆ,

…ಸಣ್ಣ ಹರಳಿನ ಉಕ್ಕು ತಣ್ಣಗಿದ್ದಾಗ ಮಾತ್ರ ಶೂರ ಎಂದಿರೋ, ಬಿಸಿ ತಾಗುವವರೆಗೆ ಮಾತ್ರ ಎಂದಿರೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಲ್ಯಾಬಿನ ಫರ್ನೇಸ್ ಮುಂದೆ ನಿಂತು ಆಡಿದ ಮಾತು. ನಾನು ನಕ್ಕಿದ್ದೆ. ನಿಮ್ಮನ್ನು ಕೆಲಸದಿಂದ ತೆಗೆದು ಎಂಟು ತಿಂಗಳಾಯಿತು. ಇಷ್ಟು ದಿನ ಬರೆಯಲಿಲ್ಲ. ಅದಕ್ಕೆ ಕೊಡಬಹುದಾದ ಕಾರಣಗಳೆಲ್ಲ ಸುಳ್ಳು, ಆದ್ದರಿಂದ ಕೊಡುವುದಿಲ್ಲ.

ಪಿಂಪಳಗಾಂವ್ ಬಸವಂತ್‌ನಲ್ಲಿ ಲೇತ್ ಕೆಲಸಕ್ಕೆ ಸೇರಿದ್ದೀರಿ ಎಂದು ನಮ್ಮ ಲ್ಯಾಬಿನ ದತ್ತು ಹೇಳಿದ. ಸುಖವಾಗಿದ್ದಾರಾ ಎಂದೆ. "ಕಸಲ ಸುಖ, ಸರ್, ಎಲ್ಲಿಯ ಸುಖ? ಕಾಕಾ ಟ್ರ್ಯಾಕ್ಟರ್ ಶಾಫ್ಟ್ ತಿರುಗಿಸ್ತಾರೆ" ಎಂದ.

ಜನವರಿ 27ಕ್ಕೆ, ಹೋದ ವರ್ಷ ನಾವು ಪರೀಕ್ಷಿಸಿದ್ದ ಬಗೆಯ ಬೋಲ್ಟುಗಳನ್ನೇ ಮತ್ತೆ ಫರ್ನೇಸಿಗೆ ಹಾಕಿದೆ. ಸಣ್ಣ ಹರಳಿನದೊಂದು, ದಪ್ಪ ಹರಳಿನದೊಂದು. ಎರಡನ್ನೂ ಒಂದೇ ಬಲದಲ್ಲಿ ಬಿಗಿದು, ಉದ್ದವು ಕೂದಲೆಳೆಯಷ್ಟೂ ಬದಲಾಗದಂತೆ ಹಿಡಿದು, ಸಾವಿರ ತಾಸು. ಹೊರಗಿನಿಂದ ಏನೂ ಕಾಣುವುದಿಲ್ಲ. ಬೋಲ್ಟ್ ಇದ್ದಷ್ಟೇ ಉದ್ದ ಇರುತ್ತದೆ. ಒಳಗಿನ ಬಿಗಿ ಇಳಿಯುತ್ತ ಹೋಗುತ್ತದೆ. ನೂರು ತಾಸಿನವರೆಗೆ ಸಣ್ಣ ಹರಳಿನದೇ ಮೇಲುಗೈ. ಮುನ್ನೂರರ ಸುಮಾರಿಗೆ ಗ್ರಾಫಿನಲ್ಲಿ ಎರಡು ಗೆರೆಗಳು ಒಂದನ್ನೊಂದು ದಾಟಿದವು. ಕಳೆದ ಗುರುವಾರ ತೆಗೆದಾಗ ದಪ್ಪ ಹರಳಿನದು ಕಾಲುಭಾಗ ಬಿಗಿ ಕಳೆದುಕೊಂಡಿತ್ತು; ಸಣ್ಣದು ಅರ್ಧಕ್ಕಿಂತ ಹೆಚ್ಚು. ಉಕ್ಕಿನೊಳಗಿನ ಹರಳು ಸಣ್ಣದಾದಷ್ಟೂ ಹರಳುಗಳ ನಡುವಿನ ಅಂಚುಗಳು ಹೆಚ್ಚು. ತಣ್ಣಗಿದ್ದಾಗ ಆ ಅಂಚುಗಳೇ ಗೋಡೆ. ಬಿಸಿಯೇರಿದಾಗ ಅವೇ ಜಾರುವ ಜಾಗ.

ಹೋದ ವರ್ಷ ನಾವು ಪರೀಕ್ಷೆಯನ್ನು ನೂರು ತಾಸಿಗೇ ನಿಲ್ಲಿಸಿ, ಉಳಿದ ಒಂಬೈನೂರರ ಗೆರೆಯನ್ನು ಗ್ರಾಫಿನ ಮೇಲೆ ಸ್ಕೇಲು ಹಿಡಿದು ಎಳೆದೆವು.

"ಸರ, ಉಕ್ಕು ಸ್ಕೇಲ್ ಹೇಳಿದಂಗ ಕೇಳೂದಿಲ್ರಿ" ಅಂದಿರಿ.

"ಗಿರಾಕಿ ಅವಸರ ಮಾಡ್ತಿದ್ದಾನೆ, ಚನಬಸಪ್ಪನವರೇ" ಅಂದೆ.

"ಗಿರಾಕಿ ಆಫೀಸ್ನ್ಯಾಗ ಕುಂದರ್ತಾನ್ರಿ. ಹಬಿ ಮುಂದ ನಿಲ್ಲಾಂವ ಬ್ಯಾರೇ."

ಐದನೇ ತಿಂಗಳಿಗೆ ಆ ಗಿರಾಕಿಯ ಕಾರ್ಖಾನೆಯಲ್ಲಿ ಹಬೆ ಕೊಳವೆಯ ಜೋಡಣೆ ಸೋರಿ ಒಬ್ಬನ ತೋಳು ಸುಟ್ಟಿತು. ನಾವು ಪಾಸು ಮಾಡಿದ ಸಣ್ಣ ಹರಳಿನ ಬೋಲ್ಟುಗಳು. ಒಂದೂ ಮುರಿದಿರಲಿಲ್ಲ, ಒಳಗಿನ ಬಿಗಿ ಹೋಗಿತ್ತು.

ಹೊಸ ಗ್ರಾಫನ್ನು ಮೊನ್ನೆ ಮ್ಯಾನೇಜರ್ ಅತುಲ್ ಅವರ ಮುಂದಿಟ್ಟೆ. "ಈಗ ಯಾಕೆ ಇದೆಲ್ಲ? ಆ ಫೈಲ್ ಮುಗಿದುಹೋಯ್ತಲ್ಲ" ಎಂದರು. ಮುಗಿದಿಲ್ಲವೆಂದು ಹೇಳಿ, ಒಂದು ಕಾಗದ ಬರೆದುಕೊಟ್ಟು ಬಂದೆ. ಅದರ ಪ್ರತಿ ಇದರ ಜೊತೆಗಿದೆ. ಉತ್ತರ ಇನ್ನೂ ಬಂದಿಲ್ಲ.

ಮಗಳು ಮೃದುಲಾ ಈ ವರ್ಷ ಹತ್ತನೆಯ ಕ್ಲಾಸಲ್ಲವೇ? ಅವಳಿಗೆ ಒಳ್ಳೆಯದಾಗಲಿ, ನನ್ನ ಆಶೀರ್ವಾದ ತಿಳಿಸಿ.

ನಿಮ್ಮ
ರಘುನಂದನ

ವಿ.ಸೂ.: ಅತುಲ್ ಅವರಿಗೆ ಬರೆದುಕೊಟ್ಟದ್ದು ಒಂದೇ ಸಾಲು: ಪರೀಕ್ಷೆ ನಿಲ್ಲಿಸಲು ಹೇಳಿದ್ದು ನಾನು. ವಿಚಾರಣೆಯ ದಿನ ಅತುಲ್ ಕೇಳಿದ್ದೂ ಅದನ್ನೇ, ನಿಲ್ಲಿಸಿದ್ದು ಯಾರು ಎಂದು. "ರಿಜಿಸ್ಟರ್ ನೋಡಿ" ಎಂದೆ. ನಮ್ಮ ರಿಜಿಸ್ಟರಿನಲ್ಲಿ ಫರ್ನೇಸ್ ಆರಿಸಿದವರ ಸಹಿ ಇರುತ್ತದೆ, ಅಂದರೆ ನಿಮ್ಮದು. ಆರಿಸಲು ಹೇಳಿದವರದು ಇರುವುದಿಲ್ಲ. ನೀವು ಮೂರು ಅಡಿ ದೂರದಲ್ಲಿ ನಿಂತಿದ್ದಿರಿ. ನನ್ನ ಹೆಸರು ಹೇಳಿದ್ದರೆ ಅವರು ನಂಬುತ್ತಿದ್ದರು. ನಾನೂ ಅಲ್ಲಗಳೆಯುತ್ತಿರಲಿಲ್ಲ ಎಂದುಕೊಂಡಿದ್ದೇನೆ. ನೀವೇಕೆ ಹೇಳಲಿಲ್ಲ?