ಮೂರನೆಯವಳಿಗೆ ಜಾಗ

ಗಾಜಿನ ಕಿಟಕಿ ಮಾಡುವ ಹಾಮೋ ಅವರಿಗೆ, ನಾರ್ವಿಚ್‌ನಿಂದ ಉಣ್ಣೆ ವ್ಯಾಪಾರಿ ವಾರಿನ್ ಅವರ ಹೆಂಡತಿ ಇಡೋನಿ ಮಾಡುವ ವಂದನೆಗಳು.

ನಮ್ಮ ಕೇರಿಯ ಚರ್ಚಿಗೆ ಯಜಮಾನರು ಮಾಡಿಸಿಕೊಡುತ್ತಿರುವ ಬಣ್ಣದ ಕಿಟಕಿಯ ವಿಚಾರವಾಗಿ ಬರೆಯುತ್ತಿದ್ದೇನೆ. ಮೊನ್ನೆ ನೀವು ಮನೆಗೆ ಬಂದಾಗ ನಾನು ಮಲಗಿದ್ದೆ, ಆದರೆ ನಿದ್ದೆ ಹತ್ತಿರಲಿಲ್ಲ. ದಾನಿಯ ಹಿಂದೆ ಅವನ ಹೆಂಡಂದಿರೆಲ್ಲ ಮೊಣಕಾಲೂರಿ ಕುಳಿತಿರಬೇಕೆಂಬ ಪದ್ಧತಿ ನನಗೂ ಗೊತ್ತು. "ಇಬ್ರು ಹೆಂಡ್ತೀರ ಚಿತ್ರ ಬಿಡ್ಸಿ. ಎರಡನೆಯವಳ ಮುಖ ಈಗ್ಲೇ ಬೇಡ, ಖಾಲಿ ಗಾಜಿರ್ಲಿ. ಈಗಿರೋಳು ಈಸ್ಟರ್ ದಾಟಲ್ಲ ಅಂತ ವೈದ್ಯರೇ ಹೇಳಿದಾರೆ" ಎಂದರು ಇವರು.

ಆ ಮುಖ ಯಾರದೆಂದು ನಾನೇ ಹೇಳುತ್ತೇನೆ: ನನಗೆ ಗಂಜಿ ಕುಡಿಸುವ ಕೆಲಸದ ಹುಡುಗಿ ಏವಿಸ್‌ಳದು. ನಿನ್ನೆ ಇವರು ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು.

"ಬಿಡಿ, ಅಮ್ಮಾವ್ರು ನೋಡ್ತಾರೆ" ಎಂದು ನಕ್ಕಳು ಅವಳು.

"ನೋಡ್ಲಿ ಬಿಡು. ಇನ್ನೆಷ್ಟು ದಿನ ನೋಡ್ತಾಳೆ?"

ನನಗೆ ಸಿಟ್ಟಿಲ್ಲ. ಒಂದೇ ಕೋರಿಕೆ. ಏವಿಸ್‌ಳ ಹಿಂದೆ ಇನ್ನೊಬ್ಬಳನ್ನೂ ಕೂರಿಸಿ. ಹೆಂಗಸರಿಗೆಲ್ಲ ನೀವು ಒಂದೇ ಮಾದರಿಯಿಟ್ಟು ಗಾಜು ಕತ್ತರಿಸುವುದರಿಂದ ಹೆಚ್ಚಿನ ಶ್ರಮವೇನಿಲ್ಲ. ಮೂವರಿಗೂ ನನ್ನ ನೀಲಿ ನಿಲುವಂಗಿಯನ್ನೇ ತೊಡಿಸಿ. ಮೂರನೆಯವಳ ಮುಖ ಖಾಲಿಯಿರಲಿ. ಯಜಮಾನರಿಗೆ ಮೊದಲೇ ಹೇಳಬೇಡಿ; ಕೇರಿಯೆಲ್ಲ ನೋಡಿದ ಮೇಲೆ ತೆಗೆಸಲು ಅವರಿಗೆ ಮುಖವಿರುವುದಿಲ್ಲ.

ಮದುವೆಯ ದಿನ ಏವಿಸ್ ತಲೆಯೆತ್ತಿ ಕಿಟಕಿಯಲ್ಲಿ ತನ್ನ ಜಾಗವನ್ನು ಹುಡುಕುತ್ತಾಳೆ. ಬೆನ್ನ ಹಿಂದೆ ಕುಳಿತವಳನ್ನೂ ನೋಡಲಿ.

ಗಂಜಿ ತಂದಿದ್ದಾಳೆ, ಪಾಪ, ಆರಿಸಿ ಆರಿಸಿ ಕುಡಿಸುತ್ತಾಳೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಇನ್ನೂ ಬದುಕಿರುವ,
ಇಡೋನಿ