ಕೂಗಾಡದ ನರಕೋಶ

ಫೆಬ್ರವರಿ 6, ಗುರುವಾರ. ಆರ್ಹುಸ್, ಡೆನ್ಮಾರ್ಕ್

ಲ್ಯಾಬಿನ ಡಿಶ್‌ಗಳಲ್ಲಿ ಬೆಳೆಸಿದ ಕೋಶಗಳಿಗೆ ವೈರಸ್ ಹಾಕಿ ಎರಡನೇ ದಿನ. ತುಟಿ ಮೇಲೆ ಗುಳ್ಳೆ ಏಳಿಸುವ ಅದೇ ಹರ್ಪಿಸ್. ಚರ್ಮದ ಕೋಶಗಳು ಊರಿಗೆಲ್ಲ ಕೇಳುವಂತೆ ಬೊಬ್ಬೆ ಹೊಡೆದು ಸತ್ತಿವೆ. ನರಕೋಶಗಳು ಮಾತ್ರ ಗಪ್‌ಚಿಪ್. ಸತ್ತರೆ ಅವುಗಳ ಜಾಗಕ್ಕೆ ಬೇರೆಯವು ಬರುವುದಿಲ್ಲ. ಅದಕ್ಕೇ ಗದ್ದಲವಿಲ್ಲದೆ ವೈರಸ್ಸನ್ನು ಒಳಗೊಳಗೇ ಅದುಮಿಡಲು ನೋಡುತ್ತವೆ. ಎಷ್ಟು ಹೊತ್ತು ತಡೆದಾವು? ವರ್ಷಗಳಿಂದ ನನ್ನ ಪ್ರಶ್ನೆ ಇದೇ.

ನಾಳೆ ಲ್ಯಾಬಿಗೆ ಶುಕ್ರವಾರದ ಕೇಕ್ — ನನ್ನ ಸರದಿ. ಎಂದಿನಂತೆ ಟೋರ್ಬೆನ್ನೇ ಮಾಡುತ್ತಿದ್ದಾನೆ. ಗಂಡ ಅಂದರೆ ಹೀಗಿರಬೇಕು. ತಲೆನೋವಂತೆ, ಆದರೂ.

ಫೆ. 7

ಕೇಕಿನಲ್ಲಿ ಸಕ್ಕರೆಯೇ ಇಲ್ಲ. ಉಪ್ಪು! ಎಲ್ಲರೂ ಮುಖ ಕಿವಿಚದೆ ತಿಂದರು. ನಮ್ಮಲ್ಲಿ ತಂದವರ ಕೇಕನ್ನು ಹಳಿಯುವ ಹಾಗಿಲ್ಲ. ಕಡೆಗೆ ಬಾಸ್ ಕಿರ್ಸ್ಟೆನ್, "ಬೊಡಿಲ್, ನಿನ್ ಗಂಡನಿಗೆ ನಮ್ ಮೇಲೆ ಅದೇನೇ ಸಿಟ್ಟು?" ಅಂದಳು. ನಕ್ಕು ನಕ್ಕು ಸಾಕಾಯಿತು.

ಮನೆಯಲ್ಲಿ ಹೇಳಿದೆ. ಅವನು ನಗಲಿಲ್ಲ. "ರಬ್ಬರ್ ಸುಟ್ಟ ವಾಸನೆ. ನಿಂಗೆ ಬರ್ತಿಲ್ವಾ?" ಓವನ್ ತಣ್ಣಗಿತ್ತು. ಅವನ ಮೈ ಬಿಸಿ. ಇಲ್ಲದ ವಾಸನೆ… ಹರ್ಪಿಸ್ ಮಿದುಳಿಗೇರಿದರೂ ಹೀಗಾಗುತ್ತದೆ. ಅನುಮಾನ ಬಂತು. ನುಂಗಿಕೊಂಡೆ. ಲ್ಯಾಬಿನ ಹಳೇ ತಮಾಷೆ — ನಮ್ಮ ಕಣ್ಣಿಗೆ ಸೀನಿದವರಿಗೆಲ್ಲ ಹರ್ಪಿಸ್.

ಫೆ. 8, ಬೆಳಿಗ್ಗೆ

ಟೋರ್ಬೆನ್ ಚಮಚ ಎತ್ತಿ ಹಿಡಿದು, "ಇದಕ್ಕೆ ಏನಂತಾರೆ?" ಅಂದ. ಡಾಕ್ಟರ್ ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯಿಂದ, "ಫ್ಲೂ ಇರ್ಬೇಕು, ನೀರು ಕುಡಿಸಿ."

"ಫ್ಲೂ ಅಲ್ಲ! ಹರ್ಪಿಸ್ ಮಿದುಳಿಗೇರಿದೆ. ಆಂಬುಲೆನ್ಸ್ ಕಳಿಸಿ!" ಜೀವಮಾನದಲ್ಲಿ ಯಾರ ಮೇಲೂ ಹಾಗೆ ಕಿರುಚಿರಲಿಲ್ಲ.

ಫೆ. 9, ಆಸ್ಪತ್ರೆ

ಪರೀಕ್ಷೆಗೆಂದು ಬೆನ್ನುಮೂಳೆಯೊಳಗಿಂದ ತೆಗೆದ ನೀರಿನಲ್ಲಿ ಹರ್ಪಿಸ್ ಇಲ್ಲ. ನೆಗೆಟಿವ್. ಅವನು ಒದ್ದಾಡಿದ್ದರಿಂದ ಸ್ಕ್ಯಾನ್ ಮಸುಕು. ನಿನ್ನೆ ಶುರುವಾದ ಹರ್ಪಿಸ್ ಔಷಧಿ ನಿಲ್ಲಿಸುತ್ತಾರಂತೆ.

"ಕಿಡ್ನಿಗೆ ಹೊಡೆತ ಬೀಳ್ತಿದೆ. ಇಲ್ಲದ ಕಾಯಿಲೆಗೆ ಯಾಕೆ ಕೊಡ್ಲಿ?" — ಡಾಕ್ಟರ್ ಯೆಸ್ಪರ್. ಕೆಟ್ಟವರಲ್ಲ.

"ಮೊದಮೊದಲು ಪರೀಕ್ಷೆಗೆ ಸಿಗದೆ ಇರಬಹುದು, ನಿಮಗೂ ಗೊತ್ತು. ಇನ್ನೊಂದ್ಸಲ ಬೆನ್ನಿಗೆ ಸೂಜಿ ಹಾಕಿ ನೋಡಿ. ಅಲ್ಲೀವರೆಗೆ ನಿಲ್ಲಿಸ್ಬೇಡಿ."

"ಬೊಡಿಲ್, ಇದು ವಿಜ್ಞಾನಿ ಮಾತೋ, ಹೆಂಡ್ತಿ ಮಾತೋ?"

"ಎರಡೂ. ಕಿಡ್ನಿ ಸುಧಾರಿಸಬಹುದು. ಸತ್ತ ನರಕೋಶ ವಾಪಸ್ ಬರಲ್ಲ."

ಡ್ರಿಪ್ಪನ್ನೇ ನೋಡುತ್ತಾ ನಿಂತರು. "ಮಂಗಳವಾರದವರೆಗೆ. ಡೋಸ್ ತಗ್ಗಿಸಿ ಕೊಡ್ತೀನಿ. ಅಷ್ಟೇ."

ನನ್ನ ಮಾತೇ ತಪ್ಪಾಗಿದ್ದರೆ? ನಾನೇ ಹಟ ಹಿಡಿದು ಅವನ ಕಿಡ್ನಿ ಹಾಳು ಮಾಡಿಸಿದ ಹಾಗೆ. ಭಯ.

ಫೆ. 11

ಎರಡನೇ ಪರೀಕ್ಷೆ ಪಾಸಿಟಿವ್. ಹರ್ಪಿಸ್ಸೇ. ಯೆಸ್ಪರ್ ಓಡೋಡಿ ಬಂದರು. "ಅವತ್ತು ನಿಲ್ಲಿಸಿಬಿಟ್ಟಿದ್ರೆ…" ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಫೆ. 19

ಜ್ವರ ಇಳಿದಿದೆ. ಕಿಡ್ನಿ ಸರಿಹೋಗುತ್ತಿದೆ. ಜೀವಕ್ಕೆ ಅಪಾಯವಿಲ್ಲ. ಎಷ್ಟು ಉಳಿದಿದ್ದಾನೆ ಅನ್ನೋದು ಮಾತ್ರ ಯಾರಿಗೂ ಗೊತ್ತಿಲ್ಲ.

ನರ್ಸ್ ನನ್ನನ್ನು ತೋರಿಸಿ ಕೇಳಿದಳು, "ಇವರ್ಯಾರು, ಟೋರ್ಬೆನ್?"

"ಗೊತ್ತು. ದಿನಾ ಬರ್ತಾಳೆ. ಒಳ್ಳೇವಳು. ಹೆಸರು…" ಹುಬ್ಬು ಗಂಟಿಕ್ಕಿದ. ಹೇಳಿಕೊಡಬೇಡಿ ಅಂದಿದ್ದಾರೆ. ತುಟಿ ಕಚ್ಚಿಕೊಂಡು ಪಕ್ಕದಲ್ಲೇ ಬರೆಯುತ್ತಾ ಕೂತಿದ್ದೇನೆ. ನರ್ಸ್ ಹೋಗಿ ತುಂಬಾ ಹೊತ್ತಾಯಿತು. ಅವನು ಇನ್ನೂ ಹುಡುಕುತ್ತಲೇ ಇದ್ದಾನೆ, ಬಿಟ್ಟಿಲ್ಲ. ಈಗ ಈ ಕಡೆ ತಿರುಗಿದ. ತುಟಿ ಎರಡೂ ಸೇರಿದವು. ಬೊ—