ಕೂಸಿದ್ದ ಮನೆಯ ಮುಂದಿನ ಮೈಕು

ಗಂಗಾವತಿ
೧೧-೫-೨೦೨೫, ಭಾನುವಾರ ಬೆಳಿಗ್ಗೆ

ಪ್ರೀತಿಯ ಸುಕನ್ಯಾಳಿಗೆ ನಿನ್ನ ಅತ್ತೆ ಶಿವಲಿಂಗಮ್ಮ ಮಾಡುವ ಆಶೀರ್ವಾದಗಳು.

ನೀನೂ ಮೊಮ್ಮಗಳು ಪಂಪಾಳೂ ಹೇಗಿದ್ದೀರಿ? ಮಗುವಿನ ಕುತ್ತಿಗೆಗೆ ಬೆವರುಸಾಲೆ ಎದ್ದಿದೆಯಂತೆ. ವಾರವಾರ ನಿಮ್ಮನ್ನು ನೋಡಲು ಕಾರಟಗಿಗೆ ಬರುವ ನಿನ್ನ ಗಂಡ ವಿರುಪಾಕ್ಷಿ ಬಾಯಿಬಿಟ್ಟು ಹೇಳಿದ್ದು ಅಷ್ಟೇ. ಪೌಡರು ಮೆತ್ತಬೇಡ, ಬೇವಿನ ಎಲೆ ಹಾಕಿ ಕಾಯಿಸಿದ ನೀರನ್ನು ಆರಿಸಿ ಮೈ ತೊಳೆ. ನಿಮ್ಮಪ್ಪನ ಮಂಡಿನೋವು ಕಡಿಮೆಯಾಯಿತೇ? ಬೀಗಿತ್ತಿ ಕಳಿಸಿದ ಮಾವಿನ ಉಪ್ಪಿನಕಾಯಿ ಮುಟ್ಟಿತು. ಉಪ್ಪು ಒಂದು ಚೂರು ಮುಂದಾಗಿದೆ, ಆದರೆ ಚೆನ್ನಾಗಿದೆ ಎಂದೇ ಹೇಳು. ನಾನು ಆರಾಮಾಗಿದ್ದೇನೆ. ಫೋನಿರುವಾಗ ಕಾಗದವೇಕೆ ಎಂದು ನೀನು ನಗಬಹುದು. ಫೋನಿನಲ್ಲಿ ನೀನು "ಹೂಂರಿ ಅತ್ತಿ" ಎಂದು ಎರಡು ಸಲ ಹೇಳಿ ಅದನ್ನು ಮಗುವಿನ ಕೈಗೆ ಕೊಟ್ಟುಬಿಡುತ್ತೀ, ಅವಳು ನೆಕ್ಕಿ ನೆಕ್ಕಿ ಆರಿಸಿಬಿಡುತ್ತಾಳೆ. ನನಗೆ ಹೇಳುವುದು ಸ್ವಲ್ಪ ಉದ್ದವಿದೆ. ಅಂಗನವಾಡಿಯಲ್ಲಿ ಮೂವತ್ತು ವರ್ಷ ವರದಿ ಬರೆದ ಕೈಗೆ ಇದೇನು ಭಾರವಲ್ಲ.

ನಮ್ಮ ಓಣಿಯ ದುರಗಮ್ಮನ ಹಬ್ಬ ಮೊನ್ನೆ ಗುರುವಾರ ಶುರುವಾಯಿತು. ಪೆಂಡಾಲಿನ ಗೂಟವನ್ನು ಈ ಸಲವೂ ಸರಿಯಾಗಿ ನಮ್ಮ ನಲ್ಲಿಯ ಪೈಪಿನ ಮೇಲೆಯೇ ಹೊಡೆದರು. ಮೂರು ದಿನಕ್ಕೊಮ್ಮೆ ಬರುವ ನೀರು ಓಣಿ ತುಂಬ ಹರಿದುಹೋಯಿತು. ವಿರುಪಾಕ್ಷಿ ಪೆಂಡಾಲಿನ ಹಗ್ಗಗಳ ಕೆಳಗೆ ತಲೆ ಬಗ್ಗಿಸಿ ಬೈಕು ತಳ್ಳಿಕೊಂಡು ಕೆಲಸಕ್ಕೆ ಹೋಗುತ್ತಾನೆ, ಬರುವಾಗ ಬೈಯುತ್ತ ಬರುತ್ತಾನೆ, ಮುಖ ತೊಳೆದುಕೊಂಡು ಅದೇ ಪೆಂಡಾಲಿನಲ್ಲಿ ಕುಳಿತು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತಾನೆ. ರಂಗೋಲಿ ಸ್ಪರ್ಧೆಯ ಮೊದಲ ಬಹುಮಾನ ಹುಲಿಗವ್ವನಿಗೆ. ಬಹುಮಾನದ ಸ್ಟೀಲ್ ಡಬ್ಬಿ ಕೊಡಿಸಿದವಳೂ ಅವಳೇ. ಆದರೂ ಬಿಸಿಲಿಳಿದ ಮೇಲೆ ರಸ್ತೆಗೆ ನೀರು ಚಿಮುಕಿಸಿ, ಎಲ್ಲರ ಮನೆಯ ಚಾಪೆಗಳು ಹೊರಗೆ ಬಂದು, ತಣ್ಣನೆಯ ಜೋಳದ ಅಂಬಲಿ ಲೋಟಕ್ಕೆ ಬೀಳುವಾಗ ಬೈದದ್ದೆಲ್ಲ ಮರೆತುಹೋಗುತ್ತದೆ. ಮದುವೆಯಾಗಿ ಬಂದ ವರ್ಷ ನೀನು ಹಸಿಮೆಣಸಿನಕಾಯಿ ಕಚ್ಚಿಕೊಂಡು ಮೂರು ಲೋಟ ಕುಡಿದಿದ್ದೆ. ಈ ಸಲ ಲೋಟ ಹಿಡಿದಾಗ ಅದು ನೆನಪಾಗಿ ಕೆಳಗಿಟ್ಟುಬಿಟ್ಟೆ.

ಈಗ ಮೈಕಿನ ವಿಷಯ. ಇಲ್ಲಿಗೆ ಬಂದ ಕೂಡಲೇ ಕಾಗದ ಮಡಚಿ ಇಡಬೇಡ. ಆ ವರ್ಷ ಕೂಸು ಬಂದ ಮನೆಯ ಮುಂದೆಯೇ ಮೈಕು ಕಟ್ಟುವುದು ನಮ್ಮ ಓಣಿಯ ರೂಢಿ ಎಂಬುದು ನಿನಗೆ ಗೊತ್ತು. ಅಮ್ಮನ ಹಾಡು ಮೊದಲು ಕೂಸಿನ ಕಿವಿಗೆ ಬಿದ್ದರೆ ಅದಕ್ಕೆ ಯಾವ ಅಂಜಿಕೆಯೂ ತಾಗುವುದಿಲ್ಲ ಎಂದು ಹಿರಿಯರು ನಂಬಿಕೊಂಡು ಬಂದದ್ದು. ಹೋದ ವರ್ಷ ಐದು ತಿಂಗಳ ಪಂಪಾಳನ್ನು ನಿನ್ನ ತವರಿನಿಂದ ಕರೆತಂದು ಎಂಟು ದಿನವಾಗಿತ್ತು. ಮೈಕ್ ಸೆಟ್ಟಿನ ನೂರಸಾಬ ನಮ್ಮ ಬೇವಿನ ಗಿಡಕ್ಕೆ ಏಣಿ ಹಾಕಿದಾಗ ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ಮೂರನೆಯ ದಿನ ನೀನು ಎದ್ದು ಬಂದು ವೈರು ಕಿತ್ತೆ. ಹಾಡು ನಿಂತು ಓಣಿಯೆಲ್ಲ ನಮ್ಮ ಬಾಗಿಲಿಗೆ ಬಂತು. ಏನಾಯಿತು ಎಂದು ನಾನು ನಿನ್ನನ್ನು ಕೇಳಲಿಲ್ಲ. ಕಟ್ಟೆಯ ಮೇಲೆ ನಿಂತು ಎಲ್ಲರೆದುರು, "ದೇವರ ಹಾಡು ತಡಕೊಳ್ಳಾಕ ಆಗದಾಕಿ ಈ ಮನ್ಯಾಗ ಯಾಕ ಇರಬೇಕು? ಕೂಸು ಕಟಿಗೊಂಡು ನಿಮ್ಮ ಕಾರಟಗಿಗೆ ಹೋಗು" ಎಂದೆ. ನೀನು ಕೂಸನ್ನು ಎತ್ತಿಕೊಂಡು ಹೋದೆ. ಆಮೇಲೆ ವಿರುಪಾಕ್ಷಿ ಕರೆದಾಗಲೆಲ್ಲ, "ನಿಮ್ಮವ್ವ ಹೋಗು ಅಂದಾರ, ಬಾ ಅಂದಿಲ್ಲ" ಎಂದಿದ್ದೀ. ನನಗೂ ಅದು ಮುಟ್ಟಿತ್ತು. ಆದರೆ ಹಿರಿಯಳು ಎಂಬ ಸೊಕ್ಕು ಬಿಡಲಿಲ್ಲ, ಒಂದು ವರ್ಷ ಸುಮ್ಮನಿದ್ದೆ.

ಈ ವರ್ಷ ಓಣಿಯ ತುದಿಮನೆಯ ದುರುಗವ್ವನ ಮಗಳು ಹೆರಿಗೆಗೆ ಬಂದಿದ್ದಾಳೆ. ಇಪ್ಪತ್ತೆರಡು ದಿನದ ಗಂಡುಕೂಸು, ಹಾಗಾಗಿ ಮೈಕು ಅವರ ಕಿಟಕಿಯ ಎದುರು. ನಿನ್ನೆ ಮಧ್ಯಾಹ್ನ ನಾನೂ ಪಕ್ಕದ ಮನೆಯ ಬಾನುಬೀಯೂ ಕೂಸಿಗೆ ನೀರು ಹಾಕಲು ಹೋಗಿದ್ದೆವು. ಎಣ್ಣೆ ತಿಕ್ಕಿ, ನೀರು ಹಾಕಿ, ಬಟ್ಟೆಯಲ್ಲಿ ಸುತ್ತಿ ಮಲಗಿಸಿದರೆ ಅದು ಮಲಗಬೇಕಲ್ಲ. ಒಂದೊಂದು ಹಾಡು ಶುರುವಾದಾಗಲೂ ಮೈಯೆಲ್ಲ ಬೆಚ್ಚಿ ಚೀರುತ್ತಿತ್ತು. ಆ ಹುಡುಗಿ ಕೂಸಿನ ಎರಡೂ ಕಿವಿಗಳ ಮೇಲೆ ತನ್ನ ಅಂಗೈ ಮುಚ್ಚಿಕೊಂಡು ಕುಳಿತಿದ್ದಳು. ಊಟದ ತಟ್ಟೆ ಪಕ್ಕದಲ್ಲೇ ಆರಿಹೋಗಿತ್ತು. ಉಣ್ಣು ಎಂದರೆ, "ಕೈ ತಗದ್ರ ಅಳತೈತ್ರಿ" ಎಂದಳು. ಬಾನುಬೀ ನನ್ನ ಮುಖ ನೋಡದೆ, "ಸುಕನ್ಯಾನೂ ಮೂರು ದಿನ ಹಿಂಗ ಕುಂತಿದ್ಳು ಅಕ್ಕಾ. ನಮ್ಮ ಕಿಟಕ್ಯಾಗಿಂದ ಕಾಣತಿತ್ತು" ಎಂದಳು. ಊರ ತಾಯಂದಿರಿಗೆಲ್ಲ ಕೂಸಿನ ನಿದ್ದೆಯ ಬಗ್ಗೆ ಪಾಠ ಹೇಳಿದವಳು ನಾನು. ಪಕ್ಕದ ಮನೆಯವರಿಗೆ ಕಂಡದ್ದು ಒಂದೇ ಸೂರಿನಡಿ ಇದ್ದ ನನಗೆ ಕಾಣಲಿಲ್ಲ. ಆ ಮೂರು ದಿನವೂ ನಾನು ಪೆಂಡಾಲಿನಲ್ಲಿ ಕುಳಿತು ನಮ್ಮನೆಯ ಮೈಕಿನ ದನಿ ಎಲ್ಲಿಯವರೆಗೆ ಹೋಗುತ್ತದೆ ಎಂದು ಹೇಳಿಕೊಳ್ಳುತ್ತಿದ್ದೆ. ನನಗೆ ಬಹಳ ನಾಚಿಕೆಯಾಯಿತು, ಸುಕನ್ಯಾ.

ಎದ್ದು ಹೋಗಿ ವೈರು ಹಿಡಿದು ಕಿತ್ತೆ. ಹಾಡು ನಿಲ್ಲಲಿಲ್ಲ, ಪೆಂಡಾಲಿನ ಫ್ಯಾನುಗಳು ನಿಂತವು. "ಶಿವಲಿಂಗಮ್ಮಾರ, ಅದು ಫ್ಯಾನಿಂದ್ರಿ" ಎಂದು ನೂರಸಾಬ ಓಡಿಬಂದ. ಹಾಗಾದರೆ ಮೈಕಿನದು ಯಾವುದು ತೋರಿಸು ಎಂದೆ. ಪಾಪ, ತೋರಿಸಿದ. ಓಣಿಯ ಹಿರಿಯ ಓಬಳೆಪ್ಪನವರು ರೂಢಿ ಮುರಿಯಿತು ಎಂದು ಗೊಣಗಿದರು. ಅವರನ್ನು ಕೈಹಿಡಿದು ಕರೆದೊಯ್ದು ಆ ಹುಡುಗಿಯನ್ನೂ ಆರಿದ ತಟ್ಟೆಯನ್ನೂ ತೋರಿಸಿದೆ. "ಮೈಕ್ ನೀರಿನ ಟ್ಯಾಂಕಿನ ಕಡೆ ಒಯ್ರಿ" ಎಂದು ಅವರೇ ಹೇಳಿದರು. ಕೂಸು ಸಂಜೆಯವರೆಗೆ ಮಲಗಿತು. ಆ ಹುಡುಗಿ ಎರಡು ರೊಟ್ಟಿ ಉಂಡಳು.

ನಿಮ್ಮ ಅಪ್ಪ ಅವ್ವನಿಗೆ ನನ್ನ ನಮಸ್ಕಾರ ತಿಳಿಸು. ಪಂಪಾಳ ಎರಡೂ ಕೆನ್ನೆಗೆ ಅಜ್ಜಿಯ ಮುತ್ತು. ದುರಗಮ್ಮ ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ಅತ್ತೆ,
ಶಿವಲಿಂಗಮ್ಮ

ತಾ.ಕ.: ಈ ಕಾಗದ ತರಬೇಕಾದ ವಿರುಪಾಕ್ಷಿ ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದಾನೆ. ನಿನ್ನೆ ಸಂಜೆ ಟ್ಯಾಂಕಿನ ಹತ್ತಿರ ಮೈಕು ಜೋಡಿಸಿದ ಮೇಲೆ ಮಾತಾಡುವ ಮೈಕನ್ನು ನೂರಸಾಬನಿಂದ ಇಸಿದುಕೊಂಡು, "ಹೋದ ವರ್ಷ ನನ್ನ ಸೊಸಿ ಮಾಡಿದ್ದು ಸರಿ ಐತಿ, ನಾನು ಅಂದದ್ದು ತಪ್ಪು" ಎಂದು ಹೇಳಿದೆ. ಎಲ್ಲರೆದುರು ಅಂದದ್ದನ್ನು ಎಲ್ಲರೆದುರೇ ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. ಓಣಿಯೆಲ್ಲ ಕೇಳಿತು, ನಿನಗೊಬ್ಬಳಿಗೆ ಕೇಳಿಸಲಿಲ್ಲ. ಮಂಗಳವಾರ ಓಕುಳಿ, ಹಬ್ಬದ ಕೊನೆಯ ದಿನ. ಸೊಸೆಯನ್ನು ಕರೆಯಲು ಅತ್ತೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ನಾಳೆ ಹತ್ತು ಗಂಟೆಯ ಬಸ್ಸಿಗೆ ಬರುತ್ತಿದ್ದೇನೆ. ಬಾ ಎನ್ನುವ ಮಾತನ್ನು ಮಗನ ಕೈಯಲ್ಲಿ ಹೇಳಿ ಕಳಿಸಲಾರೆ, ನಿನ್ನೆದುರು ನಿಂತು ನಾನೇ ಹೇಳಬೇಕು. ಕ್ಯಾನಿನಲ್ಲಿ ಅಂಬಲಿ ತರುತ್ತೇನೆ, ಹಸಿಮೆಣಸಿನಕಾಯಿ ನೀನು ತೆಗೆದಿಟ್ಟಿರು.